ಸ್ವಲ್ಪ ಲೈನ್‌ನಲ್ಲಿರಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಮೊನ್ನೆ ಯಾವುದೋ ಕಂಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಮೆಟ್ಟಿಲ ಮೇಲಿಟ್ಟು, ಒಂದು ಬಕೆಟ್ ಬಟ್ಟೆ ಪೂರ್ತಿ ಒಣಹಾಕಿ ಮುಗಿಸಿದಳು. ಅಷ್ಟು ಹೊತ್ತೂ ಅದರೊಳಗಿಂದ ಸಂಗೀತ ಬರುತ್ತಿತ್ತು. ನಡುನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಮುಖ್ಯ ಅಂತ ಹೇಳಿ ಹೋಗುತ್ತಿತ್ತು. ಕೊನೆಗೆ ಲೈನು ತಾನಾಗಿಯೇ ಕಟ್ಟಾಯಿತು. ಹುಡುಗಿ ಬೇಜಾರೂ ಮಾಡಿಕೊಳ್ಳಲಿಲ್ಲ. "ಯಾವಾಗ್ಲೂ ಹೀಗೇ ಆಂಟಿ" ಅಂದಳು. ನನಗೆ ಮಾತ್ರ ತಡೆಯಲಿಲ್ಲ. ಇದೇ ಕೆಲಸವನ್ನು ನಾನು ಮೂವತ್ತೇಳು ವರ್ಷ ಮಾಡಿದ್ದೇನೆ ಕಣಮ್ಮ ಅಂದೆ. "ಮ್ಯೂಸಿಕ್ ಹಾಕೋ ಕೆಲಸಾನಾ?" ಅಂತ ಕೇಳಿದಳು. ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ. ಆಫೀಸಿಗೆ ಫೋನ್ ಮಾಡಿದರೆ ಮನುಷ್ಯರೊಬ್ಬರು ಎತ್ತುತ್ತಿದ್ದರು ಅನ್ನುವ ಸಂಗತಿಯೇ ಆ ವಯಸ್ಸಿನವರಿಗೆ ತಿಳಿಯದು. ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

1981ರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು. ವೈಯಾಲಿಕಾವಲಿನಲ್ಲೇ, ಮನೆಯಿಂದ ನಡೆದರೆ ಎಂಟು ನಿಮಿಷದ ದಾರಿಯಲ್ಲಿ, ಹಳೇ ಹೆಂಚಿನ ಮನೆಯೊಂದನ್ನು ಆಫೀಸು ಮಾಡಿಕೊಂಡಿದ್ದ ಪಂಪ್‌ಸೆಟ್ ಕಂಪನಿ. ಮುಂದಿನ ಹಜಾರದಲ್ಲಿ ಬರುವವರಿಗೆ ಬೆಂಚು, ಅದರ ಎದುರಿಗೆ ನನ್ನ ಮೇಜು, ಮೇಜಿನ ಪಕ್ಕದಲ್ಲಿ ಬೋರ್ಡು. ನಾವೆಲ್ಲ ಅದನ್ನು ಬೋರ್ಡು ಅಂತಲೇ ಕರೆಯುತ್ತಿದ್ದದ್ದು. ಮುಂದೆ ಮೆಷಿನ್ನು ಬದಲಾಗಿ ಹೆಸರು ಕನ್ಸೋಲ್ ಆದಮೇಲೂ "ಇವತ್ತು ಬೋರ್ಡಲ್ಲಿ ಯಾರು?" ಅನ್ನುವ ಮಾತು ಬದಲಾಗಲಿಲ್ಲ.

ವೈಯಾಲಿಕಾವಲ್ ಅನ್ನುವ ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊರಊರಿನಿಂದ ಫೋನ್ ಮಾಡಿದವರಿಗೆ ವಿಳಾಸ ಹೇಳುವಾಗ ದಿನಕ್ಕೆ ಹತ್ತು ಸಲವಾದರೂ ಈ ಹೆಸರನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಯಾಲಕ್ಕಿಕಾವಲ್ ಅಂತ ಬರೆದುಕೊಂಡವರಿದ್ದಾರೆ. ನಮ್ಮ ಬೀದಿಯ ಕನ್ನಡ ಮೇಷ್ಟ್ರೊಬ್ಬರು ಹೇಳುತ್ತಿದ್ದರು: ವೈಯಾಲಿ ಅಂದರೆ ಹಳೆಯ ಕಾವ್ಯಗಳಲ್ಲಿ ಬರುವ ವೈಹಾಳಿ, ಕುದುರೆ ಸವಾರಿ, ಕಾವಲ್ ಅಂದರೆ ದನಕರು ಕುದುರೆಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಕುದುರೆ ಓಡಿಸುತ್ತಿದ್ದ ಬಯಲಿನಲ್ಲಿ ಕೂತು ನಾನು ದನಿಗಳನ್ನು ಓಡಿಸುತ್ತಿದ್ದೇನೆ ಅಂತ ಆ ವಯಸ್ಸಿಗೆ ಬಹಳ ಹೆಮ್ಮೆ ಅನ್ನಿಸಿತ್ತು. ಅರ್ಥ ತಿಳಿದ ಮೇಲೆ ವಿಳಾಸ ಹೇಳುವುದೂ ಸುಲಭವಾಯಿತು. "ಮಲ್ಲೇಶ್ವರದ ಪಕ್ಕ, ಚೌಡಯ್ಯ ಹಾಲ್ ಗೊತ್ತಲ್ಲ, ಪಿಟೀಲಿನ ಆಕಾರದ್ದು, ಅದರ ಹತ್ತಿರ" ಅಂದರೆ ಯಾರಿಗಾದರೂ ದಾರಿ ಸಿಗುತ್ತಿತ್ತು. ಆ ಸಭಾಂಗಣ ಆಗಿನ್ನೂ ಹೊಸದು, 1980ರ ನವೆಂಬರಿನಲ್ಲಿ ಶುರುವಾದದ್ದು.

ಮಲ್ಲೇಶ್ವರಕ್ಕೂ ಟೆಲಿಫೋನಿಗೂ ಹಳೇ ನಂಟೊಂದಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು, ಮಲ್ಲೇಶ್ವರ, ಬಸವನಗುಡಿ ಬೆಳೆದವು. ಪ್ಲೇಗಿನ ವಿರುದ್ಧದ ಕೆಲಸಗಳನ್ನು ಹೊಂದಿಸಲೆಂದು ಊರಿನಲ್ಲಿ ಟೆಲಿಫೋನ್ ತಂತಿ ಎಳೆದದ್ದೂ ಅದೇ ಕಾಲದಲ್ಲಿ. ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಿಗೆ 1882ರಲ್ಲೇ ಎಕ್ಸ್‌ಚೇಂಜ್ ಬಂದಿತ್ತು, ವ್ಯಾಪಾರಕ್ಕಾಗಿ. ನಮ್ಮೂರಿನ ತಂತಿಯಲ್ಲಿ ಮೊದಮೊದಲು ಹರಿದ ಮಾತುಗಳಲ್ಲಿ ಯಾವ ಬೀದಿಯಲ್ಲಿ ಯಾರಿಗೆ ಜ್ವರ ಅನ್ನುವುದೂ ಇದ್ದಿರಬೇಕು. ಬೋರ್ಡಿನ ಮುಂದೆ ಕೂತಾಗ ಎಷ್ಟೋ ಸಲ ಇದು ನೆನಪಾಗುತ್ತಿತ್ತು.

ನಾನು ಮೊದಲು ಕಲಿತದ್ದು ಕಾರ್ಡ್ ಬೋರ್ಡು. ಕಾರ್ಡ್ ಅಂದರೆ ಹಗ್ಗದಂಥ ವೈರು, ತುದಿಗೆ ಹಿತ್ತಾಳೆಯ ಪ್ಲಗ್ಗು. ಎದುರಿಗೆ ನಿಂತ ಮರದ ಹಲಗೆ. ಅದರಲ್ಲಿ ಸಾಲುಸಾಲು ತೂತುಗಳು. ಮೇಲಿನ ಸಾಲು ಹೊರಗಿನ ಲೈನು, ಕೆಳಗಿನವು ಆಫೀಸಿನೊಳಗಿನ ಎಕ್ಸ್‌ಟೆನ್ಷನ್. ಹೊರಗಿನಿಂದ ಫೋನ್ ಬಂದರೆ ಆ ಲೈನಿನ ಮೇಲಿದ್ದ ಪುಟ್ಟ ತಗಡಿನ ರೆಪ್ಪೆ ಟಪ್ಪನೆ ಕೆಳಗೆ ಬೀಳುತ್ತಿತ್ತು. ಒಂದು ಪ್ಲಗ್ಗನ್ನು ಅಲ್ಲಿ ಚುಚ್ಚಿ, ಕೀ ಮುಂದಕ್ಕೆ ತಳ್ಳಿ, ಯಾರು ಬೇಕು ಅಂತ ಕೇಳುವುದು. ಅದರ ಜೋಡಿ ಪ್ಲಗ್ಗನ್ನು ಬೇಕಾದವರ ತೂತಿಗೆ ಚುಚ್ಚಿ, ಪಕ್ಕದ ಹಿಡಿ ತಿರುಗಿಸಿ ಅವರ ಫೋನ್ ಹೊಡೆಸುವುದು. ಇಬ್ಬರೂ ಮಾತಿಗೆ ಶುರುಮಾಡಿದ ಮೇಲೆ ಕೀ ಹಿಂದಕ್ಕೆ ಎಳೆದು ನಾನು ಆಚೆ ಬರುವುದು. ಮಾತು ಮುಗಿದದ್ದು ಗೊತ್ತಾದಾಗ ಎರಡನ್ನೂ ಕೀಳುವುದು. ಪ್ಲಗ್ಗಿನ ಲೋಹದಲ್ಲಿ ಮೂರು ಭಾಗ: ತುದಿಗೆ ಟಿಪ್, ನಡುವೆ ರಿಂಗ್, ಹಿಂದೆ ಸ್ಲೀವ್. ಇವತ್ತಿಗೂ ಟೆಲಿಫೋನಿನ ಎರಡು ತಂತಿಗೆ ತಂತ್ರಜ್ಞರು ಟಿಪ್, ರಿಂಗ್ ಅಂತಲೇ ಅನ್ನುತ್ತಾರೆ. ಚೌಡಯ್ಯ ಹಾಲ್‌ನಲ್ಲಿ ಗಿಟಾರಿಗೆ ಚುಚ್ಚುವ ದಪ್ಪ ಪಿನ್ನು ನೋಡಿದಾಗಲೆಲ್ಲ ನನ್ನ ಕೈಗೆ ಹಳೇ ಕಾರ್ಡ್ ಸಿಕ್ಕಂತಾಗುತ್ತದೆ. ಅದು ಅದೇ ಪಿನ್ನು, ಟೆಲಿಫೋನ್ ಬೋರ್ಡಿನಿಂದಲೇ ಹೋದದ್ದು. ಮೊಬೈಲಿಗೆ ಚುಚ್ಚುತ್ತಿದ್ದ ಸಣ್ಣ ಇಯರ್‌ಫೋನ್ ಪಿನ್ನು ಅದರ ಮರಿ.

ಈ ಕೆಲಸಕ್ಕೆ ಮೊದಲು ಕೂರಿಸಿದ್ದು ಹುಡುಗರನ್ನು. ಅಮೆರಿಕದ ಬಾಸ್ಟನ್ನಿನಲ್ಲಿ ತಂತಿ ಆಫೀಸಿನ ಪೋರರನ್ನೇ ತಂದು ಹಾಕಿದ್ದರಂತೆ. ಅವರು ಗಿರಾಕಿಗಳ ಮೇಲೆ ರೇಗುವುದು, ಬೇಕೆಂದೇ ಲೈನು ತಪ್ಪಿಸುವುದು ಮಾಡಿದಾಗ 1878ರ ಸೆಪ್ಟೆಂಬರ್ 1ರಂದು ಎಮಾ ನಟ್ ಎಂಬ ಹೆಂಗಸನ್ನು ಕೂರಿಸಿದರು. ಲೋಕದ ಮೊದಲ ಮಹಿಳಾ ಆಪರೇಟರ್. ಮೂವತ್ತಕ್ಕೂ ಹೆಚ್ಚು ವರ್ಷ ಆಕೆ ಅದೇ ಕೆಲಸದಲ್ಲಿದ್ದರು. ಸೆಪ್ಟೆಂಬರ್ 1 ಬಂದರೆ ನಾನು ಬೋರ್ಡಿಗೆ ಒಂದು ಸುತ್ತು ಮಲ್ಲಿಗೆ ಇಡುತ್ತಿದ್ದೆ. ಆಯುಧಪೂಜೆಗೆ ಹೇಗೂ ಎಲ್ಲರೂ ಇಡುತ್ತಿದ್ದರು; ಇದು ನನ್ನೊಬ್ಬಳ ಪೂಜೆ.

ಇನ್ನು ಆಪರೇಟರೇ ಬೇಡ ಅಂತ ಹಟ ಹಿಡಿದವನ ಕಥೆಯೂ ಇದೆ. ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ಕಸುಬು. ಎಕ್ಸ್‌ಚೇಂಜಿನಲ್ಲಿ ಕೂತವಳು ತನಗೆ ಬರಬೇಕಾದ ಫೋನುಗಳನ್ನು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆ ಅಂತ ಅವನಿಗೆ ಅನುಮಾನ ಬಂದು, ಕೂತು ಯೋಚಿಸಿ, ತಾನಾಗಿ ಲೈನು ಕೂಡಿಸುವ ಯಂತ್ರವನ್ನೇ ಕಂಡುಹಿಡಿದನಂತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಅನುಮಾನದ ಭಾಗವನ್ನು ಜನ ಬೆಳೆಸಿಕೊಂಡು ಬಂದಿರಬಹುದು, ಯಂತ್ರವಂತೂ ನಿಜ. ನಮ್ಮ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲೂ ಎಷ್ಟೋ ವರ್ಷ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ಮಾಡುತ್ತಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದ ದೂರವಾಣಿ ಅನ್ನುವ ಪದಕ್ಕೆ ಒಂದು ಊರೇ ಸಿಕ್ಕಿತು ನೋಡಿ. ಬಾಯಲ್ಲಿ ಯಾರೂ ದೂರವಾಣಿ ಅನ್ನುವುದಿಲ್ಲ, ಫೋನು ಅಂತಲೇ ಅನ್ನುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ಮಾತ್ರ ಆ ಪದ ಗಟ್ಟಿಯಾಗಿ ಉಳಿದುಕೊಂಡಿದೆ.

ಸ್ಟ್ರೌಜರನ ಅನುಮಾನ ನನ್ನನ್ನು ಬಹಳ ಕಾಡಿದೆ. ಬೋರ್ಡಿನ ಮುಂದೆ ಕೂತವಳ ಕೈಯಲ್ಲಿ ಎಷ್ಟು ಅಧಿಕಾರವಿದೆ ಅನ್ನುವುದನ್ನು ಅವನು ಸರಿಯಾಗಿ ಕಂಡಿದ್ದ. ಕಾರ್ಡ್ ಬೋರ್ಡಿನ ಕಾಲದಲ್ಲಿ ಕೀ ತಳ್ಳಿದರೆ ಯಾರ ಮಾತು ಬೇಕಾದರೂ ನನ್ನ ಕಿವಿಗೆ ಬೀಳುತ್ತಿತ್ತು. ಲೈನು ಕೂಡಿತೋ ಇಲ್ಲವೋ ನೋಡಲು ಒಂದು ಕ್ಷಣ ಕೇಳಲೇಬೇಕಾಗುತ್ತಿತ್ತು. ಆ ಒಂದು ಕ್ಷಣದಲ್ಲಿ ಕಿವಿಗೆ ಬಿದ್ದದ್ದನ್ನು ಅಲ್ಲೇ ಬಿಟ್ಟುಬಿಡುವುದನ್ನು ನನಗೆ ಕಲಿಸಿದ್ದು ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹಿರಿಯ ಹೆಂಗಸು. ಮೊದಲನೇ ದಿನವೇ "ಇಲ್ಲಿ ಕೇಳಿದ್ದು ಊಟದ ಡಬ್ಬಿ ಮುಂದೆ ಬಾಯಿಗೆ ಬರಬಾರದು" ಅಂದರು. ಅವರು ಹೇಳಿಕೊಟ್ಟ ಮಿಕ್ಕೆಲ್ಲ ಪಾಠ ಆಮೇಲಿನದು.

1990ರಲ್ಲಿ ಕಾರ್ಡ್ ಬೋರ್ಡು ಹೋಗಿ, ಪ್ಲಗ್ಗು ಚುಚ್ಚದೆ ಲೈನು ಕೂಡಿಸುವ ಇಪಿಎಬಿಎಕ್ಸ್ ಮೆಷಿನ್ನು ಬಂತು. ಗೋಡೆಗೆ ತಗುಲಿಸಿದ ಒಂದು ಕಬ್ಬಿಣದ ಪೆಟ್ಟಿಗೆ, ಕರೆಂಟು ಹೋದರೆ ನಡೆಯಲು ಪಕ್ಕದಲ್ಲಿ ಬ್ಯಾಟರಿಗಳು, ನನ್ನ ಮೇಜಿನ ಮೇಲೆ ಕನ್ಸೋಲು. ನೋಡಲು ದೊಡ್ಡ ಕ್ಯಾಲ್ಕುಲೇಟರಿನ ಹಾಗೆ. ಎಡಗಡೆ ರಿಸೀವರ್, ನಡುವೆ ನಂಬರು, ಬಲಗಡೆ ಸಾಲುಸಾಲು ಗುಂಡಿಗಳು, ಪ್ರತಿ ಗುಂಡಿಯ ಪಕ್ಕದಲ್ಲೊಂದು ಕೆಂಪು ದೀಪ. ಒಂದೊಂದು ಗುಂಡಿಯೂ ಒಬ್ಬೊಬ್ಬರ ಎಕ್ಸ್‌ಟೆನ್ಷನ್. ಗುಂಡಿಯ ಕೆಳಗೆ ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ಹೆಸರಿನ ಚೀಟಿ. ಆ ಚೀಟಿಗಳನ್ನು ನಾನೇ ಕನ್ನಡದಲ್ಲಿ ಬರೆದು, ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ತೂರಿಸಿದ್ದು. ಯಾರಾದರೂ ಕೆಲಸ ಬಿಟ್ಟರೆ ಅವರ ಚೀಟಿ ತೆಗೆಯುವುದೂ ನನ್ನದೇ ಕೆಲಸ. ಇಪ್ಪತ್ತು ವರ್ಷ ಇದ್ದವರ ಚೀಟಿ ಅಂಚೆಲ್ಲ ಹಳದಿಯಾಗಿ ಮುಚ್ಚಳಕ್ಕೆ ಅಂಟಿಕೊಂಡಿರುತ್ತಿತ್ತು.

ದೀಪ ಉರಿಯುತ್ತಿದ್ದರೆ ಅವರು ಮಾತಿನಲ್ಲಿದ್ದಾರೆ ಅಂತ ಅರ್ಥ. ಆರು ಹೊರಗಿನ ಲೈನು, ಇಪ್ಪತ್ತನಾಲ್ಕು ಎಕ್ಸ್‌ಟೆನ್ಷನ್. ಒಟ್ಟಿಗೆ ಹತ್ತು ದೀಪ ಉರಿಯುತ್ತಿರುವಾಗ ಆ ಹಲಗೆ ದೀಪಾವಳಿಯ ಜಗಲಿಯ ಹಾಗೆ ಕಾಣುತ್ತಿತ್ತು. ಎದ್ದು ಹೋಗದೆ ಇಡೀ ಆಫೀಸಿನ ನಾಡಿ ಅಲ್ಲೇ ಸಿಗುತ್ತಿತ್ತು. ಸೇಲ್ಸಿನವರ ದೀಪಗಳು ಹನ್ನೊಂದಕ್ಕೆ ಒಮ್ಮೆಗೇ ಏಳುತ್ತಿದ್ದವು. ಅಕೌಂಟ್ಸಿನವು ತಿಂಗಳ ಕೊನೆಗೆ. ಮಧ್ಯಾಹ್ನ ಒಂದೂವರೆಗೆ ಎಲ್ಲವೂ ಆರಿ ಒಂದೇ ಒಂದು ಉಳಿಯುತ್ತಿತ್ತು, ಊಟದ ಹೊತ್ತಿನಲ್ಲಿ ಮನೆಗೆ ಮಾತಾಡುವ ಹೊಸದಾಗಿ ಮದುವೆಯಾದವರದ್ದು.

ಈ ಮೆಷಿನ್ನಿನಲ್ಲಿ ಟ್ರಾನ್ಸ್‌ಫರ್ ಮಾಡುವುದು ಸುಲಭ. ಗುಂಡಿ ಒತ್ತು, ಅವರು ಎತ್ತುವ ಮೊದಲೇ ರಿಸೀವರ್ ಇಡು, ಮುಗಿಯಿತು. ಎತ್ತದಿದ್ದರೆ ಅರ್ಧ ನಿಮಿಷದಲ್ಲಿ ಕಾಲ್ ನನಗೇ ತಿರುಗಿ ಬರುತ್ತದೆ, ಅದಕ್ಕೆ ರೀಕಾಲ್ ಅನ್ನುತ್ತಾರೆ. ಅವರು ಬೇರೆ ಮಾತಿನಲ್ಲಿದ್ದರೆ ಕಾಲನ್ನು ಅವರ ಬಾಗಿಲಲ್ಲಿ ಕೂರಿಸಬಹುದು; ಅವರ ಕಿವಿಯಲ್ಲಿ ಸಣ್ಣದೊಂದು ಬೀಪ್ ಕೇಳಿಸುತ್ತದೆ. ಕನ್ಸೋಲ್ ಇಲ್ಲದ ಮಾಮೂಲಿ ಫೋನಿನವರು ಕಾಲ್ ದಾಟಿಸಬೇಕಾದರೆ ರಿಸೀವರ್ ಇಡುವ ಗುಬಟನ್ನು ಟಪ್ ಅಂತ ಒಂದು ಸಲ ತಟ್ಟಬೇಕು. ಅರೆಕ್ಷಣ ಹೆಚ್ಚಾಗಿ ಒತ್ತಿದರೆ ಫೋನ್ ಇಟ್ಟೇಬಿಟ್ಟರು ಅಂತ ಮೆಷಿನ್ನು ತಿಳಿದುಕೊಂಡು ಲೈನು ಕತ್ತರಿಸುತ್ತದೆ. ಇದನ್ನು ಆಫೀಸಿನ ಇಪ್ಪತ್ತನಾಲ್ಕು ಜನಕ್ಕೆ ಒಬ್ಬೊಬ್ಬರ ಮೇಜಿಗೂ ಹೋಗಿ ಕಲಿಸಿದ್ದೇನೆ. ಒಗ್ಗರಣೆಗೆ ಇಂಗು ಹಾಕುವಷ್ಟೇ ಹೊತ್ತು ಅಂತ ಹೇಳಿದರೆ ಹೆಂಗಸರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಆದರೆ ನನ್ನ ಗುರುಗಳಾದ ಆ ಹಿರಿಯ ಹೆಂಗಸು ಹೇಳದೆ ಕೊಡುವುದನ್ನು ಒಪ್ಪುತ್ತಿರಲಿಲ್ಲ. ಮೊದಲು ಒಳಗಿನವರಿಗೆ ನಾನು ಹೇಳಬೇಕು: ಇಂಥ ಊರಿನಿಂದ ಇಂಥವರು, ಇಂಥ ವಿಷಯ. ಅವರು ಹೂಂ ಅಂದ ಮೇಲೆ ಕೂಡಿಸಬೇಕು. ಬಿಸಿ ಕಾಫಿ ಲೋಟ ಕೊಡುವಾಗ ಎದುರಿನವರ ಬೆರಳು ಗಟ್ಟಿಯಾಗಿ ಹಿಡಿಯುವವರೆಗೆ ನಾವು ಬಿಡುತ್ತೇವೆಯೇ? ಹಾಗೆ. ಇದಕ್ಕೆ ಹದಿನೈದು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಫೋನ್ ಮಾಡಿದವರಿಗೆ ಮಾತ್ರ ತನ್ನ ಸುಟ್ಟ ಮೋಟಾರಿನ ಕಥೆಯನ್ನು ಮೂರು ಸಲ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ.

ನಮಗೆ ಬರುತ್ತಿದ್ದ ಫೋನುಗಳಲ್ಲಿ ಮುಕ್ಕಾಲುಪಾಲು ರೈತರದ್ದು. ಸಿಂಧನೂರು, ಮುಧೋಳ, ಹಿರಿಯೂರು, ಮಂಡ್ಯ, ಪುತ್ತೂರು. "ಅಕ್ಕಾರ, ಮೋಟ್ರ ಸುಟ್ಟೈತ್ರಿ" ಅಂದರೆ ಉತ್ತರದವರು. "ಅವರು ಉಂಟಾ ಮಾರಾಯ್ರೆ?" ಅಂದರೆ ಘಟ್ಟದ ಕೆಳಗಿನವರು. ಹಲೋ ಅಂದ ಧಾಟಿಯಲ್ಲೇ ತಮಿಳೋ ತೆಲುಗೋ ಉರ್ದುವೋ ತಿಳಿದು ಅದೇ ಭಾಷೆಯಲ್ಲಿ ಮುಂದಿನ ಮಾತು ಎತ್ತುತ್ತಿದ್ದೆ. ಬೆಂಗಳೂರಿನ ಆಪರೇಟರುಗಳಿಗೆ ಇದು ಸಾಧಾರಣ. ಊರುಗಳ ಹೆಸರು ಮಾತ್ರ ಬಹಳ ಎಚ್ಚರದಿಂದ ಕೇಳಬೇಕು. ಟೆಲಿಫೋನ್ ತಂತಿ ನಮ್ಮ ದನಿಯನ್ನು ಪೂರ್ತಿ ಒಯ್ಯುವುದಿಲ್ಲ. 300ರಿಂದ 3400 ಹರ್ಟ್ಸ್ ನಡುವಿನ ಭಾಗವನ್ನಷ್ಟೇ ಒಯ್ಯುತ್ತದೆ. ಸಕಾರದ ಸೀಳುದನಿ ಬಹುಪಾಲು ಇರುವುದು ಅದಕ್ಕಿಂತ ಮೇಲೆ. ಅದು ದಾರಿಯಲ್ಲೇ ಉದುರಿಹೋಗುತ್ತದೆ. ಶಿರಾದವರು ಸಿರಾ ಅಂದದ್ದೋ ಹಿರಿಯೂರಿನ ಹಿರಿ ಅಂದದ್ದೋ ತಿಳಿಯದೆ ಮತ್ತೆ ಕೇಳಬೇಕಾಗುತ್ತದೆ. ಇಂಗ್ಲಿಷಿನ ಫೈವ್, ನೈನ್ ಎರಡೂ ಒಂದೇ ಆಗಿಬಿಡುತ್ತವೆ; ಆದ್ದರಿಂದ ನಂಬರನ್ನು ನಾನು ಐದು, ಒಂಬತ್ತು ಅಂತ ಕನ್ನಡದಲ್ಲಿ ಒಪ್ಪಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಇದನ್ನು ಹೇಳುವಾಗ ಪಿಟೀಲು ಚೌಡಯ್ಯನವರು ನೆನಪಾಗುತ್ತಾರೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯದ್ದನ್ನು ಮಾಡಿಕೊಂಡರು. ಕೇಳುವವನು ಎಲ್ಲಿ ಕೂತಿದ್ದಾನೆ ಅನ್ನುವುದನ್ನು ಮೊದಲು ಯೋಚಿಸಿದ ಕಲಾವಿದರು. ನನ್ನ ಕೆಲಸಕ್ಕೂ ಅದೇ ಬೇಕಾಗಿದ್ದದ್ದು. ಜೋರಾಗಿ ಕಿರುಚಿದರೆ ತಂತಿಯಲ್ಲಿ ದನಿ ಒಡೆಯುತ್ತದೆ. ನಿಧಾನವಾಗಿ, ಪದದ ಕೊನೆಯಕ್ಷರ ನುಂಗದೆ ಹೇಳಿದರೆ ಎಂಥ ಕೆಟ್ಟ ಲೈನಿನಲ್ಲೂ ಮಾತು ಮುಟ್ಟುತ್ತದೆ.

ಆ ರೈತರು ಎಲ್ಲಿ ಕೂತು ಮಾತಾಡುತ್ತಿದ್ದರು ಅನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮೊದಲು ಟ್ರಂಕ್ ಕಾಲ್: 180ಕ್ಕೆ ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಹೇಳಿ, ಅಂಚೆ ಕಚೇರಿಯ ಕಟ್ಟೆಯಲ್ಲಿ ಕಾಯುವುದು, ಸಿಕ್ಕಿದ ಮೇಲೆ ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಎಚ್ಚರಿಸುವುದು. ಆಮೇಲೆ ಊರೂರಿಗೆ, ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬೂತು ಬಂತು. ಇದರಲ್ಲಿ ನಮ್ಮ ನಾಡಿಗೊಂದು ಪಾಲಿದೆ: 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಮಾಡಿದ 128 ಲೈನಿನ ಎಕ್ಸ್‌ಚೇಂಜನ್ನು ಮೊದಲು ಹೂಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡ, ಧೂಳು ಬಿಸಿಲಿಗೆ ಹೆದರುವುದಿಲ್ಲ. ರಾಣಿ ಚೆನ್ನಮ್ಮನ ಊರಿನಿಂದ ಲೈನು ಒಂದೇ ಏಟಿಗೆ ಸಿಗುವುದು ಆಗ ಸಣ್ಣ ವಿಷಯವಾಗಿರಲಿಲ್ಲ. ಆಫೀಸುಗಳ ಇಪಿಎಬಿಎಕ್ಸ್ ಕೂಡ ಅದೇ ಸಿ-ಡಾಟಿನ ತಂತ್ರಜ್ಞಾನದಿಂದ ತಯಾರಾಗಿ ಬಂದವು. ಆಚೆ ತುದಿಯ ಹಳ್ಳಿಯಲ್ಲೂ ಈಚೆ ತುದಿಯ ನನ್ನ ಗೋಡೆಯಲ್ಲೂ ಒಂದೇ ಬಳಗದ ಮೆಷಿನ್ನು.

ಬೂತಿನ ಗಾಜಿನ ಗೂಡಿನಲ್ಲಿ ರೈತನ ಕಣ್ಣೆದುರಿಗೇ ಒಂದು ಮೀಟರು. ಕೆಂಪಂಕಿಗಳು ಓಡುತ್ತಿರುತ್ತವೆ, ರೂಪಾಯಿ ಏರುತ್ತಿರುತ್ತದೆ. ನಾನು "ಸ್ವಲ್ಪ ಲೈನ್‌ನಲ್ಲಿರಿ" ಅಂದ ಕೂಡಲೇ ಅವನ ದುಡ್ಡು ನನ್ನ ಕೈಯಿಂದ ಖರ್ಚಾಗಲು ಶುರು. "ಎಷ್ಟೊತ್ತು ನಿಂದ್ರಸ್ತೀರಿ ಅಕ್ಕಾರ, ಮೀಟರ್ ಓಡಾಕತ್ತೈತಿ" ಅಂತ ಒಬ್ಬರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ನಮ್ಮ ಮೆಷಿನ್ನಿನಲ್ಲಿ ಹೋಲ್ಡ್ ಒತ್ತಿದರೆ ಬೀಥೋವನನ 'ಫ್ಯೂರ್ ಎಲೀಸ್' ಒಂದು ಚಿಪ್ಪಿನಿಂದ ಟಿಣಿಟಿಣಿ ಅಂತ ಬರುತ್ತಿತ್ತು. ರೇಡಿಯೋ ಲೈನಿಗೆ ಸೇರಿಕೊಂಡಿದೆ ಅಂತ ಎಷ್ಟೋ ಜನ ಫೋನ್ ಇಟ್ಟುಬಿಡುತ್ತಿದ್ದರು. ಇಪ್ಪತ್ತು ಸೆಕೆಂಡಿಗೊಮ್ಮೆ ವಾಪಸ್ಸು ಹೋಗಿ "ಇದ್ದೀನಿ ಯಜಮಾನ್ರೆ, ಹುಡುಕ್ತಿದೀನಿ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಬೇಕಾದವರು ಸೀಟಲ್ಲಿಲ್ಲದಿದ್ದರೆ ನಂಬರ್ ತೆಗೆದುಕೊಂಡು, "ನೀವು ಇಡಿ, ನಾವೇ ಮಾಡ್ತೀವಿ" ಅಂದುಬಿಡುತ್ತಿದ್ದೆ. ಆಫೀಸಿನ ಎಸ್‌ಟಿಡಿ ಬಿಲ್ಲು ಏರಿತು ಅಂತ ಮ್ಯಾನೇಜರ್ ಕೇಳಿದಾಗ ಆ ಮೀಟರಿನ ವಿಷಯ ಹೇಳಿದೆ. ಅವರೂ ಹಳ್ಳಿಯಿಂದ ಬಂದವರು. ಮತ್ತೆ ಕೇಳಲಿಲ್ಲ.

ಈ ರೂಢಿ ನನಗೆ ಸುಮ್ಮನೆ ಬಂದದ್ದಲ್ಲ, ಒಂದು ತಪ್ಪಿನಿಂದ ಬಂದದ್ದು. ಹೊಸ ಕನ್ಸೋಲ್ ಬಂದು ಒಂದು ವರ್ಷವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಹೆಂಗಸೊಬ್ಬರು ಫೋನ್ ಮಾಡಿ ನಮ್ಮ ಸರ್ವೀಸ್ ಸೆಕ್ಷನ್ನಿನ ಒಬ್ಬರನ್ನು ಕೇಳಿದರು. ದನಿ ನಡುಗುತ್ತಿತ್ತು. ನನಗದು ಕೇಳಿಸಿತ್ತು, ಕೇಳಿಸಲಿಲ್ಲ ಅಂತ ಹೇಳಲಾರೆ. ಆದರೆ ನಾಲ್ಕು ಲೈನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಗುಂಡಿ ಒತ್ತಿ, ಎತ್ತುವವರೆಗೆ ಕಾಯದೆ, ವರ್ಕ್‌ಶಾಪಿನ ಎಕ್ಸ್‌ಟೆನ್ಷನ್ನಿಗೆ ಕಳಿಸಿ ಇನ್ನೊಂದು ಕಾಲ್ ಎತ್ತಿಕೊಂಡೆ. ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಕಾಲ್ ತಿರುಗಿ ಬಂತು, ದೀಪ ಮಿಣುಕಿತು, ನಾನು ಅದನ್ನು ಮುಟ್ಟುವ ಹೊತ್ತಿಗೆ ಆಕೆ ಇಟ್ಟಾಗಿತ್ತು. ಹೆಸರು ಕೇಳಿರಲಿಲ್ಲ, ನಂಬರ್ ಕೇಳಿರಲಿಲ್ಲ. ತಮ್ಮ ಮಾವನವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಆ ಸಹೋದ್ಯೋಗಿಗೆ ಸಂಜೆ ಮನೆಗೆ ಹೋದ ಮೇಲೆ ಪಕ್ಕದ ಮನೆಯವರಿಂದ ಸಿಕ್ಕಿತು. ಅವರು ಅಲ್ಲಿಗೆ ಮುಟ್ಟುವಾಗ ಮುದುಕರಿಗೆ ಮಾತು ನಿಂತಿತ್ತು. ಹದಿಮೂರು ದಿನ ಕಳೆದು ಆಫೀಸಿಗೆ ಬಂದಾಗ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನೇ ಅವರ ಮೇಜಿಗೆ ಹೋಗಿ ಹೇಳಿದೆ. "ನೀವೇನು ಬೇಕಂತ ಮಾಡಿದ್ರಾ ಮೇಡಂ" ಅಂದರು.

ಆವತ್ತಿನಿಂದ ಹೋಲ್ಡ್ ಗುಂಡಿಗೆ ಬೆರಳು ಹೋಗುವ ಮೊದಲು ಮೂರು ವಿಷಯ ಬರೆದುಕೊಳ್ಳುತ್ತಿದ್ದೆ: ಯಾರು, ಎಲ್ಲಿಂದ, ಯಾವ ನಂಬರು. ಉದ್ದನೆಯ ರೂಲ್ಡ್ ನೋಟ್‌ಬುಕ್ಕುಗಳು, ವರ್ಷಕ್ಕೆ ಐದೋ ಆರೋ ಆಗುತ್ತಿದ್ದವು. ದನಿ ಸರಿಯಿಲ್ಲ ಅನ್ನಿಸಿದರೆ ಪಕ್ಕದಲ್ಲಿ ಒಂದು ಚುಕ್ಕೆ. ಚುಕ್ಕೆಯ ಕಾಲನ್ನು ಮುಟ್ಟಿಸದೆ ನಾನು ಕಾಫಿಗೂ ಏಳುತ್ತಿರಲಿಲ್ಲ.

ರಾಂಗ್ ನಂಬರುಗಳ ಬಗ್ಗೆ ಹೇಳದಿದ್ದರೆ ಈ ಹರಟೆ ಅರ್ಧವಾಗುತ್ತದೆ. ನಮ್ಮ ನಂಬರಿಗೂ ಒಂದು ದೇವಸ್ಥಾನದ ನಂಬರಿಗೂ ಒಂದೇ ಅಂಕಿ ವ್ಯತ್ಯಾಸ. ವೈಕುಂಠ ಏಕಾದಶಿ ಹತ್ತಿರ ಬಂದರೆ ಬೆಳಗ್ಗೆಯಿಂದ ಸಂಜೆಯವರೆಗೆ "ಬಾಗಿಲು ಎಷ್ಟು ಗಂಟೆಗೆ ತೆಗೀತಾರೆ?" ರಾಂಗ್ ನಂಬರ್ ಅಂತ ಇಟ್ಟುಬಿಡಬಹುದಿತ್ತು. ಮನೆಗೆ ಹೋಗುವ ದಾರಿಯಲ್ಲಿ ದೇವಸ್ಥಾನಕ್ಕೇ ಹೋಗಿ ಹೊತ್ತು ಕೇಳಿ ಬರೆದುಕೊಂಡು ಬಂದೆ. ಆಮೇಲೆ ಎಲ್ಲರಿಗೂ ಹೇಳುತ್ತಿದ್ದೆ. ವಯಸ್ಸಾದವರಾದರೆ ಸಾಲು ಕಡಿಮೆ ಇರುವ ಹೊತ್ತನ್ನೂ ಸೇರಿಸಿ ಹೇಳುತ್ತಿದ್ದೆ. ಊರಿನ ನಂಬರುಗಳೂ ಸುಮ್ಮನಿರಲಿಲ್ಲ. ಒಂದು ಕಾಲಕ್ಕೆ ಆರು ಅಂಕಿ, ಬೆಂಗಳೂರಿನ ಎಸ್‌ಟಿಡಿ ಕೋಡು 0812. ಆಮೇಲೆ ನಂಬರು ಏಳು ಅಂಕಿಯಾಯಿತು, ಕೋಡು 080 ಆಯಿತು. ಆಮೇಲೆ ಎಲ್ಲದರ ಮುಂದೆ ಒಂದು 2 ಸೇರಿ ಎಂಟಾಯಿತು. ನಮ್ಮ ಕಡೆಯ 334 ಹೀಗೆ 2334 ಆಯಿತು. ಪ್ರತಿ ಸಲವೂ ಲೆಟರ್‌ಹೆಡ್ಡು, ಗೋಡೆಯ ಜಾಹೀರಾತು ಎಲ್ಲ ಬದಲಾಗಬೇಕು. ಹಳ್ಳಿಯ ಬಾವಿಕಟ್ಟೆಯ ಪಂಪಿನ ಮೇಲೆ ಅಚ್ಚೊತ್ತಿದ ಹಳೇ ನಂಬರ್ ಹಾಗೇ ಇರುತ್ತಿತ್ತು. ಆ ಹಳೇ ನಂಬರಿಗೆ ಮಾಡಿ, ರೆಕಾರ್ಡು ಹೇಳಿದ್ದು ತಿಳಿಯದೆ, ನಂಬರ್ ವಿಚಾರಣೆಯ 197ಕ್ಕೆ ಕೇಳಿ, ಕೊನೆಗೆ ನಮ್ಮನ್ನು ಹುಡುಕಿಕೊಂಡವರ ಹಲೋದಲ್ಲಿ ಇರುತ್ತಿದ್ದ ನೆಮ್ಮದಿ ಬೇರೆಯೇ.

ಈಗ ಆಪರೇಟರ್ ಬದಲು ಒಂದು ಒತ್ತಿ, ಎರಡು ಒತ್ತಿ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ನೂರು ಜನಕ್ಕೆ ಒಟ್ಟಿಗೆ ಉತ್ತರ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ಬ್ಯಾಂಕಿನ ಬ್ಯಾಲೆನ್ಸ್ ಕೇಳಲು ಮನುಷ್ಯರು ಬೇಕೂ ಇಲ್ಲ. ಆದರೆ ಒತ್ತಬೇಕಾದ ಅಂಕಿಗಳಲ್ಲಿ ತನ್ನ ಕಷ್ಟ ಇಲ್ಲದವನು ಏನು ಮಾಡಬೇಕು? ಅವನು ಒಂಬತ್ತು ಒತ್ತಿ ಕಾಯುತ್ತಾನೆ. ಅವನನ್ನು ಕಾಯಿಸುತ್ತಿದ್ದೇನೆ ಅಂತ ಗೊತ್ತಿರುವವರು ಆಚೆ ತುದಿಯಲ್ಲಿ ಯಾರೂ ಇಲ್ಲ. ನನ್ನ ನೋವು ಇದೊಂದೇ.

ನಾನಿದ್ದ ಕಾಲದಲ್ಲಿ ಸಂಜೆ ಆರಕ್ಕೆ ಹೊರಡುವಾಗ ಕನ್ಸೋಲಿನ ನೈಟ್ ಗುಂಡಿ ಒತ್ತಬೇಕಿತ್ತು. ಅದಾದ ಮೇಲೆ ಬರುವ ಕಾಲ್ ಎಲ್ಲ ಗೇಟಿನ ಪಕ್ಕದ ವಾಚ್‌ಮನ್ ಕೋಣೆಯಲ್ಲಿ ಹೊಡೆದುಕೊಳ್ಳುತ್ತಿದ್ದವು. ನಮ್ಮ ವಾಚ್‌ಮನ್ ಗೌರಿಬಿದನೂರಿನ ಕಡೆಯವರು, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಮೊದಮೊದಲು ಫೋನ್ ಹೊಡೆದರೆ ಎದ್ದು ನಿಂತುಬಿಡುತ್ತಿದ್ದರು, ಎತ್ತುತ್ತಿರಲಿಲ್ಲ. ಅವರಿಗೆ ಮೂರು ಮಾತು ಕಲಿಸಿದ್ದೆ: ಕಂಪನಿ ಹೆಸರು ಹೇಳಿ, ಯಾರು ಅಂತ ಕೇಳಿ, ನಂಬರ್ ಬರೆದುಕೊಳ್ಳಿ. "ಏನ್ ಹೇಳ್ಬೇಕೋ ತೋಚದಿದ್ರೆ?" ಅಂತ ಕೇಳಿದರು. ಇಡಬೇಡಿ, ಅಷ್ಟೇ ಅಂದಿದ್ದೆ.

ಒಂದು ಮಳೆಗಾಲದ ಬೆಳಗ್ಗೆ ಬಂದಾಗ ನನ್ನ ಕನ್ಸೋಲಿನ ರಿಸೀವರ್ ಕೆಳಗೆ ಕ್ಯಾಲೆಂಡರಿನ ಹಿಂಬದಿಯ ತುಂಡೊಂದು ಮಡಿಸಿ ಇಟ್ಟಿತ್ತು. ದಪ್ಪ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದದ್ದು. ರಾತ್ರಿ 2-10. ಡ್ರೈವರ್ ಹೆಂಡ್ತಿ. ಗಾಡಿ ಹುಬ್ಳಿಯಿಂದ ಬಂದಿಲ್ಲ. ಅಳ್ತಿದ್ರು. ಅದರ ಕೆಳಗೆ ನಂಬರು, ನಂಬರಿನ ಕೆಳಗೆ ಇನ್ನೊಂದು ಸಾಲು: ಏನೂ ತೋಚಲಿಲ್ಲ, ಇಡಲಿಲ್ಲ, 3-40ರ ತನಕ ಲೈನಲ್ಲೇ ಇದ್ದೆ.

ಆ ನಂಬರಿಗೆ ಫೋನ್ ಮಾಡಿದೆ. ಡ್ರೈವರೇ ಎತ್ತಿದರು. ಶಿರಾ ದಾಟಿದ ಮೇಲೆ ಟೈರು ಪಂಕ್ಚರ್ ಆಗಿ, ಸ್ಟೆಪ್ನಿಯೂ ಕೈಕೊಟ್ಟು, ಬೆಳಗಿನ ಜಾವ ಮನೆ ಮುಟ್ಟಿದ್ದರಂತೆ. ಅವರ ಹೆಂಡತಿ ಫೋನ್ ಇಸಕೊಂಡು, ರಾತ್ರಿ ಎತ್ತಿದವರು ಯಾರಮ್ಮ ಅಂತ ಕೇಳಿದರು. ಅಷ್ಟು ಹೊತ್ತೂ ಆತ ತಮ್ಮೂರಿನ ಕೆರೆಯ ವಿಷಯ, ದ್ರಾಕ್ಷಿ ತೋಟದ ವಿಷಯ, ಮಗಳ ಬಾಣಂತನದ ವಿಷಯ ಹೇಳುತ್ತಲೇ ಇದ್ದರಂತೆ. ಗೇಟಿನ ಹತ್ತಿರ ಹೋಗಿ ನೋಡಿದೆ. ಡ್ಯೂಟಿ ಮುಗಿಸಿ, ಟವೆಲ್ ಹೊದ್ದು, ಫೋನಿನ ಪಕ್ಕದ ಬೆಂಚಿನ ಮೇಲೆ ಮಲಗಿದ್ದರು.